ಸ್ಟೇಷನ್ ಅಕ್ಕನ ದನಿ ಫೋನಿಗೆ ಬಂದ ವರ್ಷ

ಊರಿನವರೆಲ್ಲ ಅವರ ದನಿ ಕೇಳಿದವರೇ, ಮುಖ ಕಂಡವರು ಮಾತ್ರ ಕಡಿಮೆ. ರೈಲು ನಿಲ್ದಾಣದಲ್ಲಿ ಪ್ರಕಟಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು ಅವರು. ನಮ್ಮ ಕಟ್ಟಡದ ಮೂರನೇ ಅಂತಸ್ತಿನಲ್ಲಿ ಮಗಳ ಮಗಳ ಜೊತೆ ಇದ್ದರು. ನಾವೆಲ್ಲ ಸ್ಟೇಷನ್ ಅಕ್ಕ ಎನ್ನುತ್ತಿದ್ದೆವು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ಮೈಕಿನ ಮುಂದೆ ಕೂತು ಪ್ರತಿ ರೈಲಿಗೂ ಬಾಯಿ ಬಿಡಬೇಕಿತ್ತು. ಆಮೇಲೆ ಯಂತ್ರ ಬಂತು. ನಿಲ್ದಾಣದ ಹಿಂಬದಿಯ ಕೋಣೆಯೊಂದರ ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದು, ಸದ್ದಾಗುತ್ತದೆಂದು ಫ್ಯಾನನ್ನೂ ನಿಲ್ಲಿಸಿ, ಒಂದು ಬೇಸಿಗೆಯಿಡೀ ಅವರ ಮಾತುಗಳನ್ನು ಬಿಡಿಬಿಡಿಯಾಗಿ ಹಿಡಿದಿಟ್ಟರು. ಅಂಕಿಗಳು, ವಾರಗಳು, ‘ಇಂದು’, ‘ನಾಳೆ’, ‘ದಯವಿಟ್ಟು’, ‘ರದ್ದಾಗಿದೆ’. ಒಂದೊಂದನ್ನೂ ಎರಡು ಬಗೆಯಲ್ಲಿ ಹೇಳಬೇಕು: ವಾಕ್ಯದ ನಡುವೆ ಬಂದರೆ ಒಂದು ಏರಿಳಿತ, ಕೊನೆಗೆ ಬಂದರೆ ಇನ್ನೊಂದು.

“ತರಕಾರಿ ಹೆಚ್ಚಿದ ಹಾಗೆ ನನ್ನ ಹೆಚ್ಚಿ ಡಬ್ಬಿಗೆ ತುಂಬ್ಕೊಂಡ್ರು ನೋಡು,” ಎಂದು ಅಕ್ಕ ನಗುತ್ತಿದ್ದರು. “ಯಾರಿಗೆ ಹೇಗೆ ಬೇಕೋ ಹಾಗೆ ಒಗ್ಗರಣೆ ಹಾಕ್ಕೊಳ್ಳಲಿ.”

ಆ ಕಾಲದಲ್ಲಿ ಪಿಂಚಣಿದಾರರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಾವು ಬದುಕಿದ್ದೇವೆ ಎಂದು ಮುಖ ತೋರಿಸಿ ಬರಬೇಕಿತ್ತು. ಅಕ್ಕನಿಗೆ ಎಪ್ಪತ್ತು ದಾಟಿದ ಮೇಲೆ ಸರ್ಕಾರ ಆ ಓಡಾಟ ತಪ್ಪಿಸಿತು. ಇನ್ನು ಮೇಲೆ ತಿಂಗಳಿಗೊಮ್ಮೆ ಫೋನು ಬರುತ್ತದೆ, ಉತ್ತರ ಕೊಟ್ಟರೆ ಸಾಕು ಎಂದರು. ಒಳ್ಳೆಯದೇ ಆಯಿತು ಅಂದುಕೊಂಡೆವು.

ಮೊದಲ ಫೋನು ಬಂದಾಗ ಅಕ್ಕ ರವಿಕೆಗೆ ಇಸ್ತ್ರಿ ಹಾಕುತ್ತಿದ್ದರು.

“ನಮಸ್ಕಾರ. ಇದು ಪಿಂಚಣಿ ಕಚೇರಿ. ನೀವು ಇದ್ದೀರಾ? ಇದ್ದರೆ, ಹೌದು ಎನ್ನಿ.”

ಅದು ಅವರದೇ ದನಿ. ಮೂವತ್ತೈದರ ಹರೆಯದ, ಕಫವಿಲ್ಲದ, ಎಲ್ಲೂ ನಡುಗದ ದನಿ. ನಿಲ್ದಾಣದ ಹಳೆಯ ಡಬ್ಬಿಯಿಂದ ಕಚೇರಿಯವರು ಎತ್ತಿಕೊಂಡು, ಅದರಲ್ಲಿಲ್ಲದ ಮಾತುಗಳನ್ನೂ ಯಂತ್ರದಿಂದ ಅದೇ ದನಿಯಲ್ಲಿ ಜೋಡಿಸಿಕೊಂಡಿದ್ದರು. ಇವರನ್ನು ಒಂದು ಮಾತು ಕೇಳಿರಲಿಲ್ಲ. “ಹೌದು,” ಎಂದರು ಅಕ್ಕ. ಆ ಚಂದದ ದನಿಯ ಮುಂದೆ ಈ ‘ಹೌದು’ ತಗಡು ಗೀಚಿದ ಹಾಗೆ ಕೇಳಿಸಿತು. “ಧನ್ಯವಾದಗಳು,” ಎಂದು ಅದು ಹೋಯಿತು. ರವಿಕೆ ಸುಟ್ಟ ವಾಸನೆ ಬಂದ ಮೇಲೆಯೇ ಅವರಿಗೆ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದದ್ದು ನೆನಪಾದದ್ದು.

ಮೊಮ್ಮಗಳು ಕೇಳಿ ಬಿದ್ದು ಬಿದ್ದು ನಕ್ಕಳು. “ಅಜ್ಜಿ, ನೀವಿದ್ದೀರಾ ಅಂತ ನೀವೇ ಕೇಳ್ಕೊಂಡು ನೀವೇ ಹೌದು ಅಂದ್ರಾ?” ಅಕ್ಕನೂ ನಕ್ಕರು. ಆದರೆ ಅಂದಿನಿಂದ ಫೋನು ಬಂದಾಗಲೆಲ್ಲ ಅವರು ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಎತ್ತುತ್ತಿದ್ದರು, ಮೇಲಧಿಕಾರಿ ಒಳಗೆ ಬಂದ ಹಾಗೆ.

ಅದೇ ವರ್ಷ ಎರಡನೇ ಅಂತಸ್ತಿನಲ್ಲಿ ಪಿಂಚಣಿಯಲ್ಲಿ ಬದುಕಿದ್ದ ಒಂಟಿ ದರ್ಜಿ ತೀರಿಕೊಂಡ. ಮನೆಗೆ ಬೀಗ ಬಿತ್ತು. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅಕ್ಕ ಮೆಟ್ಟಿಲಿಳಿಯುವಾಗ ಆ ಬೀಗ ಹಾಕಿದ ಬಾಗಿಲ ಹಿಂದೆ ಯಾರೋ ಮಾತಾಡಿದ್ದು ಕೇಳಿಸಿತು. ದರ್ಜಿಗೆ ಕಿವಿ ಮಂದ. ಕರೆ ಬಂದರೆ ಫೋನು ತಾನಾಗಿಯೇ ತೆರೆದುಕೊಂಡು ಜೋರಾಗಿ ಮಾತಾಡುವಂತೆ ಮಾಡಿಸಿಕೊಂಡಿದ್ದ. ಅದರ ತಂತಿಯನ್ನು ಯಾರೂ ಕಿತ್ತಿರಲಿಲ್ಲ.

“ನೀವು ಇದ್ದೀರಾ?” ಖಾಲಿ ಮನೆಯೊಳಗೆ ಅಕ್ಕನ ದನಿ ಕೇಳಿತು. ಉತ್ತರಕ್ಕೆ ಕಾಯಿತು. ಮತ್ತೆ ಕೇಳಿತು. “ನೀವು ಇದ್ದೀರಾ?”

ಅಕ್ಕ ಗೋಡೆ ಹಿಡಿದು ನಿಂತರು. “ಇಲ್ಲ ಕಣೇ, ಹೋಗ್ಬಿಟ್ರು,” ಎಂದು ಬಾಗಿಲ ಕಡೆ ಮೆಲ್ಲಗೆ ಹೇಳಿದರಂತೆ. ಒಳಗಿನ ದನಿ ಆ ಕ್ಷಣಕ್ಕೇ ನಿಂತಿತು. ಅದು ನಿಲ್ಲುವ ಹೊತ್ತಿಗೆ ಸರಿಯಾಗಿ ತಾನು ಹೇಳಿದ್ದಿರಬೇಕು ಎಂದು ಅಕ್ಕ ಆಮೇಲೆ ಸಮಾಧಾನ ಮಾಡಿಕೊಂಡರು. ಆದರೆ ಆ ಮೆಟ್ಟಿಲನ್ನು ಒಬ್ಬರೇ ಇಳಿಯುವುದನ್ನು ಬಿಟ್ಟರು.

ಮರುವರ್ಷ ಪಿಂಚಣಿಯ ಮೇಲೆ ಜನಮತಗಣನೆ ಬಂತು. ದುಡಿಯುವವರ ಸಂಬಳದ ಕಡಿತವನ್ನು ಇಳಿಸಿ, ಮುದುಕರಿಗೆ ಕೊಡುವುದನ್ನೂ ಇಳಿಸಬೇಕೋ ಬೇಡವೋ ಎಂದು ಊರೆಲ್ಲ ವೋಟು ಹಾಕಬೇಕು. ಇಂಥದ್ದೊಂದು ಬಂದರೆ ಮನೆಮನೆಯೂ ಎರಡು ಹೋಳಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಹುಡುಗರು ಸೀಟು ಬಿಡುವುದನ್ನು ನಿಲ್ಲಿಸಿದರು. ಪಾರ್ಕಿನ ಬೆಂಚಿನ ಮೇಲೆ ಸಾಲಾಗಿ ಕೂತ ಮುದುಕರು, ದಾರಿಯಲ್ಲಿ ಹೋಗುವ ಹುಡುಗರನ್ನು ಸದ್ದಿಲ್ಲದೆ ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು.

ಮೊಮ್ಮಗಳು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿದ್ದಳು. ಮುಚ್ಚುಮರೆ ಇಲ್ಲದ ಹುಡುಗಿ. “ಅಜ್ಜಿ, ನಾನು ‘ಇಳಿಸಿ’ ಅಂತಾನೇ ಹಾಕೋದು. ನಾನು ಮುದುಕಿ ಆಗೋ ಹೊತ್ತಿಗೆ ಆ ಡಬ್ಬೀಲಿ ಏನೂ ಉಳಿದಿರಲ್ಲ.”

“ನಾನು ದುಡಿದಿಲ್ವೇನೇ?”

“ದುಡಿದಿದೀರಿ. ಅದಕ್ಕೇ ಹೊಟ್ಟೆ ಉರಿಯೋದು. ನಿಮ್ಮದೂ ಸರಿ, ನನ್ನದೂ ಸರಿ.”

ಅದಾದ ಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಉಂಡರೂ ಆ ಮಾತು ಎತ್ತಲಿಲ್ಲ.

ಮತದಾನ ಭಾನುವಾರ. ಶನಿವಾರ ಬೆಳಗ್ಗೆ ಕಟ್ಟಡದ ಫೋನುಗಳೆಲ್ಲ ಒಟ್ಟಿಗೆ ರಿಂಗಾದವು. ಎಲ್ಲ ಅಲ್ಲ, ವಯಸ್ಸಾದವರು ಇದ್ದ ಮನೆಗಳವು. ಅಕ್ಕ ಎದ್ದು ನಿಂತು ಎತ್ತಿದರು.

“ನಮಸ್ಕಾರ. ಎಪ್ಪತ್ತು ದಾಟಿದವರ ಮತದಾನ ಭಾನುವಾರ ರದ್ದಾಗಿದೆ. ಸೋಮವಾರ ನಡೆಯಲಿದೆ. ದಯವಿಟ್ಟು ನಾಳೆ ಮನೆಯಲ್ಲೇ ಇರಿ.”

ಇಂಥ ಮಾತು ಅಕ್ಕ ಜನ್ಮದಲ್ಲಿ ಆಡಿದವರಲ್ಲ. ಆದರೆ ಆ ‘ರದ್ದಾಗಿದೆ’ ತಮ್ಮದೇ. ನೆಗಡಿ ಇದ್ದ ದಿನ ಹೇಳಿದ್ದರಿಂದ ಮೂಗಿನಲ್ಲಿ ಸ್ವಲ್ಪ ಕಟ್ಟಿಕೊಂಡಿತ್ತು. ‘ಮತದಾನ’ ಎಂಬುದನ್ನು ಅವರು ಹೇಳಿದ್ದೇ ಇಲ್ಲ. ಅದನ್ನೂ ಅವರ ಗಂಟಲೇ ನುಡಿದಿತ್ತು.

“ಯಾರು ನೀನು?” ಅಕ್ಕ ಕೂಗಿದರು. “ಯಾರು ಹೇಳ್ಕೊಟ್ರು ನಿನಗೆ ಇದನ್ನ?”

“ಧನ್ಯವಾದಗಳು,” ಎಂದಿತು ದನಿ.

ಮೊಮ್ಮಗಳನ್ನು ಕರೆದುಕೊಂಡು ಪಿಂಚಣಿ ಕಚೇರಿಗೆ ಓಡಿದರು. ರಜೆ, ಒಬ್ಬ ಗುಮಾಸ್ತ ಮಾತ್ರ ಇದ್ದ. ನಮ್ಮಿಂದ ಅಂಥ ಕರೆಯೇ ಹೋಗಿಲ್ಲ, ಮತದಾನ ನಾಳೆಯೇ, ಎಲ್ಲರಿಗೂ ಎಂದ. ಅಕ್ಕ ಮಾತಾಡುತ್ತ ಹೋದಂತೆ ಅವನ ಮುಖ ಬಿಳಿಚಿತು. “ಅಮ್ಮಾ, ನೀವು... ಅದು ನೀವೇನಾ?” ಎನ್ನುತ್ತ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡ.

ಹೊರಗೆ ಬಂದ ಮೇಲೆ ಮೊಮ್ಮಗಳು ಅಕ್ಕನನ್ನು ಕೈಹಿಡಿದು ರಸ್ತೆ ದಾಟಿಸಿದಳು. ಆಮೇಲೆ, “ಬನ್ನಿ ಅಜ್ಜಿ, ಮನೆ ಮನೆಗೆ ಹೋಗಿ ಹೇಳೋಣ,” ಎಂದಳು.

“ನಿನಗ್ಯಾಕೆ? ನಾವು ಹೋಗದಿದ್ರೆ ನಿನಗೇ ಲಾಭ ಅಲ್ವಾ?”

“ನಾಳೆ ನಾನು ನಿಮ್ಮ ವಿರುದ್ಧಾನೇ ವೋಟ್ ಹಾಕ್ತೀನಿ. ಆದ್ರೆ ಗೆದ್ರೆ ನಾನು ಗೆದ್ದೆ ಅನ್ಬೇಕು. ನಿಮ್ಮ ಗಂಟಲು ಹಿಸುಕಿ ಗೆಲ್ಲೋದು ಬೇಡ.”

ಆ ಮಧ್ಯಾಹ್ನ ಇಬ್ಬರೂ ನಮ್ಮ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದರು. ಕೆಲವರು ನಂಬಿದರು. ಹಲವರು ನಂಬಲಿಲ್ಲ. ಬೀದಿಯ ತುದಿಮನೆಗೆ ಈಚೆಗಷ್ಟೇ ಬಂದಿದ್ದ ನಿವೃತ್ತ ಮೇಷ್ಟ್ರು ಅಕ್ಕನನ್ನು ಕೂರಿಸಿ, ನೀರು ಕೊಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದರು: “ನೀವು ಹೇಳೋದು ಸರಿ ಇರಬಹುದಮ್ಮಾ. ಆದ್ರೆ ಆಯಮ್ಮ ಎಷ್ಟು ವರ್ಷದಿಂದ ನಮಗೆ ರೈಲು ಹೇಳಿದಾಳೆ! ಒಂದು ಸಲನೂ ಸುಳ್ಳು ಹೇಳಿಲ್ಲ.”

“ಮೇಷ್ಟ್ರೇ, ಆಯಮ್ಮ ನಾನೇ.”

ಮೇಷ್ಟ್ರು ಕನಿಕರದಿಂದ ಮೊಮ್ಮಗಳ ಕಡೆ ನೋಡಿದರು.

ನೆಲಮಹಡಿಯ ಬೇಕರಿಯಮ್ಮ ಬಾಗಿಲನ್ನೇ ಪೂರ್ತಿ ತೆಗೆಯಲಿಲ್ಲ. ಗಂಡನ ಜೊತೆ ಬ್ರೆಡ್ಡು ಸುಟ್ಟು ಬದುಕಿದವಳು. ಒಲೆಯ ಝಳಕ್ಕೆ ಕಣ್ಣು ಪೂರಾ ಹೋಗಿತ್ತು. ಜನರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ಸಂದಿಯಿಂದಲೇ, “ಯಾರಿದು ಅಕ್ಕನ ಥರ ಮಾತಾಡೋದು?” ಎಂದಳು. “ಅಕ್ಕ ಬೆಳಗ್ಗೇನೇ ಫೋನ್ ಮಾಡಿ ಹೇಳಿದ್ರು. ನೀನ್ಯಾರು?” ಅಗುಳಿ ಬಿದ್ದ ಸದ್ದಾಯಿತು. ಅಕ್ಕ ಕರೆದಷ್ಟೂ ಅವಳ ಹೆಜ್ಜೆ ಒಳಕೋಣೆಯ ಕಡೆಗೆ ಸರಿಯಿತು.

ಭಾನುವಾರ ಅಕ್ಕ ಮತ್ತು ಮೊಮ್ಮಗಳು ಒಟ್ಟಿಗೆ ಹೋಗಿ ಸಾಲಿನಲ್ಲಿ ನಿಂತರು, ಒಬ್ಬರ ಹಿಂದೆ ಒಬ್ಬರು. ಸಾಲಿನ ತುಂಬ ಕಪ್ಪು ತಲೆಗಳು. ಊರಿನಿಂದ ಮುದುಕರನ್ನು ಯಾರೋ ಗುಡಿಸಿ ತೆಗೆದಂತಿತ್ತು. ವಾಪಸು ಬರುವಾಗ ತಲೆಯೆತ್ತಿ ನೋಡಿದರೆ ಕಿಟಕಿ ಕಿಟಕಿಯಲ್ಲೂ ಅವರ ಮುಖಗಳು; ಹೇಳಿದಂತೆ ಮನೆಯಲ್ಲೇ ಇದ್ದು, ಬೀದಿಯನ್ನು ನೋಡುತ್ತಿದ್ದವು. ಸೋಮವಾರ ಅವರೆಲ್ಲ ಒಳ್ಳೆ ಬಟ್ಟೆ ತೊಟ್ಟು ಬೀಗ ಹಾಕಿದ ಮತಗಟ್ಟೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಜಗಳವಿಲ್ಲ, ಕೂಗಾಟವಿಲ್ಲ. ಆ ಮೌನ ಕಂಡು ದಾರಿಹೋಕ ಹುಡುಗರು ರಸ್ತೆ ದಾಟಿ ಆಚೆ ಬದಿಗೆ ಹೋದರು.

‘ಇಳಿಸಿ’ ಎಂಬುದೇ ಗೆದ್ದಿತು. ಎಲ್ಲರೂ ಬಂದಿದ್ದರೂ ಅದೇ ಗೆಲ್ಲುತ್ತಿತ್ತೋ ಏನೋ, ಯಾರಿಗೆ ಗೊತ್ತು? ತನಿಖೆ ಆಯಿತು. ಕಚೇರಿಯವರು ನಾವಲ್ಲ ಎಂದರು, ಹುಡುಗರ ಪಕ್ಷದವರು ನಾವಲ್ಲ ಎಂದರು, ಕರೆ ಬಂದ ನಂಬರೇ ಲೋಕದಲ್ಲಿಲ್ಲ ಎಂದರು ಫೋನಿನವರು. ಮಾಡಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ಫಲಿತಾಂಶ ಬಂದ ದಿನ ಮೊಮ್ಮಗಳು ಗೆಳೆಯರ ಜೊತೆ ಕುಣಿಯಲು ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದಳು.

ಅಕ್ಕನ ಮಾತು ಕಡಿಮೆಯಾಯಿತು. ಅವರು ಬಾಯಿ ತೆರೆದರೆ ಮೆಟ್ಟಿಲಿನಲ್ಲಿ ಮುದುಕರು ಬೆಚ್ಚಿ ನಿಲ್ಲುತ್ತಿದ್ದರು. ಹಾಗಾಗಿ ತಲೆಯಾಡಿಸುವುದು, ಕೈ ತೋರಿಸುವುದು, ಅಷ್ಟೇ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಬೇಕರಿಯಮ್ಮ ಗೋಡೆ ತಡವುತ್ತ ಮೂರನೇ ಅಂತಸ್ತಿಗೆ ಹತ್ತಿ ಬಂದಳು. ಕೂರಲಿಲ್ಲ.

“ನಿಮ್ಮ ಮೇಲೆ ಸಿಟ್ಟಿಲ್ಲಕ್ಕ. ಒಂದೇ ಒಂದು ಕೇಳ್ಬೇಕು. ಅವತ್ತು ಬಾಗಿಲಲ್ಲಿ ನಿಂತಿದ್ದು ನೀವಾ, ಫೋನಲ್ಲಿ ಹೇಳಿದ್ದು ನೀವಾ? ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ.”

ಅಕ್ಕ ಅವಳ ಕೈ ಹಿಡಿದು ತಮ್ಮ ಗಂಟಲ ಮೇಲೆ ಇಟ್ಟುಕೊಂಡರು. ಆ ಬೆರಳುಗಳು ತಣ್ಣಗಿದ್ದವು.

“ಬಾಗಿಲಲ್ಲಿ ನಿಂತಿದ್ದು ನಾನು,” ಎಂದರು.

ಬೇಕರಿಯಮ್ಮ ಗಂಟಲ ಕಂಪನವನ್ನು ಬೆರಳಲ್ಲಿ ಹುಡುಕಿದಳು. “ಇನ್ನೂ ಮಾತಾಡಿ,” ಎಂದಳು. “ಇನ್ನೊಂದಿಷ್ಟು.”

ಅಕ್ಕ ಮೊಣಕಾಲು ನೋವಿನ ಬಗ್ಗೆ, ಬಚ್ಚಲ ನಲ್ಲಿ ಸೋರುವ ಬಗ್ಗೆ, ಮೊಮ್ಮಗಳು ಹೊತ್ತಿಗೆ ಸರಿಯಾಗಿ ಉಣ್ಣದಿರುವ ಬಗ್ಗೆ ಹೇಳುತ್ತ ಹೋದರು. ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗಳು ದೀಪ ಹಾಕಲು ಕೈ ಎತ್ತಿದವಳು ಹಾಗೇ ನಿಂತಳು. ಕತ್ತಲು ಕವಿಯುತ್ತಿದ್ದರೂ ಬೇಕರಿಯಮ್ಮ ಕೈ ತೆಗೆಯಲಿಲ್ಲ.