ಬಣ್ಣದ ಕಿಂಡಿಗಳು

ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಕೊಲ್ಲಿ ದೇಶದ ಶುಐಬಾ ಬಂದರಿನ ನಮ್ಮ ಹಡಗು ಕಂಪನಿಯ ಕಚೇರಿಯಲ್ಲಿ, ಗಾಜಿನ ಪೆಟ್ಟಿಗೆಯ ಎಡಕ್ಕೆ, ಒಂದು ಮೊಳ ದೂರದಲ್ಲಿ ನಿಂತಿದ್ದೆ. ಪೆಟ್ಟಿಗೆಯೊಳಗೆ ಮರದ ಹಡಗಿನ ಮಾದರಿ ಇದೆ. ಬಿಸಿಲಿಗೆ ಅದರ ಪಕ್ಕೆಯ ಕಂದು ಬಣ್ಣ ಸಿಪ್ಪೆಯೆದ್ದು, ಅಡಿಯಿಂದ ಉಗುರಿನಗಲದ ಒಂದು ಕಪ್ಪು ಚೌಕ ಕಾಣುತ್ತಿತ್ತು. ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿದೆ. ನಿಮಗೂ ಗೊತ್ತಿರಬಹುದು, ತಪ್ಪು ಮಾಡಿದವನ ಕತ್ತು ಮೊದಲು ತಿರುಗುವುದು ಹಿಂದಕ್ಕೇ.

ಒಂಬತ್ತು ವರ್ಷಗಳ ಹಿಂದೆ ಅದನ್ನು ಮಾಡಿದವರು ನಮ್ಮ ಗೋದಾಮಿನ ಬಡಗಿ, ಉಳ್ಳಾಲದ ಹಸನಬ್ಬ. ಎಲ್ಲರಿಗೂ ಹಸನಾಕ. ಒಡೆದ ಪೆಟ್ಟಿಗೆಗಳ ಸಾಗುವಾನಿ ಚೂರುಗಳನ್ನು ಆಯ್ದಿಟ್ಟು, ಊಟದ ಬಿಡುವಿನಲ್ಲಿ ಹದಿನಾಲ್ಕು ತಿಂಗಳು ಕೆತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅಕ್ಕಿ, ಮೆಣಸು ಹೊತ್ತು ನಮ್ಮ ಕರಾವಳಿಯಿಂದ ಹೊರಡುತ್ತಿದ್ದಂಥ ವ್ಯಾಪಾರದ ಹಾಯಿಹಡಗು. ಅರಬಿ ಮಾಲೀಕರು ಮೆಚ್ಚಿ, ಹಿತ್ತಾಳೆಯ ಫಲಕದಲ್ಲಿ ಇವರ ಹೆಸರು ಹಾಕಿಸೋಣ ಎಂದಿದ್ದರು. ಹಸನಾಕ ಅದನ್ನು ಊರಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಫಲಕದ ಒಕ್ಕಣೆ ನನ್ನ ಪಾಲಿಗೆ ಬಂತು. ಹಡಗುಗಳ ಬಗ್ಗೆ ಆಗ ನಾನು ಎರಡು ಪುಸ್ತಕ ಓದಿದ್ದೆ. ಒಂದನ್ನೂ ಓದದಿದ್ದರೆ ಇಷ್ಟು ಕೆಡುತ್ತಿರಲಿಲ್ಲ.

ವಿದೇಶಿ ಅತಿಥಿಗಳ ಎದುರು ಮಾಲೀಕರು ಮಾದರಿಯ ಪಕ್ಕೆಯ ಕಪ್ಪು ಚೌಕಗಳನ್ನು ತೋರಿಸಿ, ಇಂಗ್ಲಿಷಿನಲ್ಲಿ, ವ್ಯಾಪಾರದ ಹಡಗಿಗೆ ಇಷ್ಟೊಂದು ಫಿರಂಗಿ ಕಿಂಡಿಗಳು ಇದ್ದವೇ ಎಂದು ಕೇಳಿದರು. ಅವು ಯುದ್ಧದ ಹಡಗಿಗೆ, ಬಡಗಿಗೆ ಗೊತ್ತಾಗಿಲ್ಲ ಎಂದೆ. ಹಸನಾಕನಿಗೆ ಇಂಗ್ಲಿಷ್ ಬಾರದು; ಅವರ ಅರಬಿ ಮರ, ಮೊಳೆಗಳಾಚೆ ಹೋಗುತ್ತಿರಲಿಲ್ಲ. ಏನು ಮಾತು ಎಂದು ನನ್ನನ್ನೇ ಕೇಳಿದರು. ಹೇಳಿದೆ.

"ಅದು ಕಿಂಡಿ ಅಲ್ಲ ಸಾರ್, ಬರೀ ಬಣ್ಣ. ದೂರದಿಂದ ನೋಡಿದ ಕಡಲ್ಗಳ್ಳ ಹೆದರ್ಲಿ ಅಂತ ಬಿಡಿಸ್ತಿದ್ರು. ನಮ್ಮಜ್ಜ ಹೇಳಿದ್ದು. ಅವರಿಗೆ ಸ್ವಲ್ಪ ಹೇಳಿ ಮಾರಾಯ್ರೆ."

ಏನಂದ ಎಂದು ಮಾಲೀಕರು ಕೇಳಿದರು. ತಪ್ಪಾಯಿತಂತೆ, ಸರಿ ಮಾಡುತ್ತಾನಂತೆ ಎಂದೆ.

ಅಳಿಸಬೇಕಂತೆ ಎಂದು ಹಸನಾಕನಿಗೆ ತಿಳಿಸಿದವನೂ ನಾನೇ. "ನೀವು ಅವರಿಗೆ ಹೇಳಿದ್ರಲ್ಲ, ಸಾಕು. ಖಲಾಸ್," ಎಂದರು. ಮರುದಿನ ಅವರೇ ಕಂದು ಬಣ್ಣ ಬಳಿದರು. ಫಲಕದಲ್ಲಿ ಹಡಗಿನ ವಿವರವಷ್ಟೇ ಬಂತು.

ಎರಡು ವರ್ಷದ ಬಳಿಕ ಮೂರನೆಯ ಪುಸ್ತಕದಲ್ಲಿ ಒಂದು ಚಿತ್ರ ಸಿಕ್ಕಿತು: ವ್ಯಾಪಾರದ ಹಡಗು, ಪಕ್ಕೆಗೆ ಬಣ್ಣದಲ್ಲಿ ಬಿಡಿಸಿದ ಸುಳ್ಳು ಕಿಂಡಿಗಳು. ಇಂಥ ಕೆಲವು ಹಡಗುಗಳು ಮುಂದೆ ನೌಕಾಪಡೆಗೆ ಸೇರಿ ನಿಜವಾದ ಫಿರಂಗಿ ಹೊತ್ತವಂತೆ. ಹಸನಾಕ ಆಗಿನ್ನೂ ಗೋದಾಮಿನಲ್ಲೇ ಇದ್ದರು, ನನ್ನ ಮೇಜಿನಿಂದ ಅರವತ್ತು ಹೆಜ್ಜೆ. ನಾನು ಹೋಗಲಿಲ್ಲ. ಅವರು ಊರಿಗೆ ಹೊರಟ ದಿನ ಕೈಕುಲುಕಿದೆ.

ಮಂಗಳವಾರ ಹಿಂದೆ ತಿರುಗಿದಾಗ ಸ್ವಾಗತದ ಮೇಜಿನ ಲವೀನಾ ನೋಡುತ್ತಿದ್ದರು. ಶಿರ್ವದವರು. ಪೇಂಟರನ್ನು ಕರೆಸಲೇ ಎಂದು ಕೇಳಿದರು. ಬೇಡ ಎಂದೆ.

"ಅವತ್ತೂ ನಾನು ಇಲ್ಲೇ ಕೂತಿದ್ದೆ ಸರ್," ಎಂದರು. "ನಂಗೆ ಕನ್ನಡ ಬರ್ತದೆ."

ಒಂಬತ್ತು ವರ್ಷ ದಿನಾ ಬೆಳಿಗ್ಗೆ ಆಕೆಗೆ ನಮಸ್ಕಾರ ಹೇಳಿಕೊಂಡು ಒಳಗೆ ಹೋಗಿದ್ದೇನೆ.

ಕಂಪನಿ ಈಗ ಮಾಲೀಕರ ಮಗನದು. ಅವರಿಗೆ ಪತ್ರ ಬರೆದಿದ್ದೇನೆ. ಕಂದು ಬಣ್ಣ ತೆಗೆಸಿ, ಫಲಕದಲ್ಲಿ ಹೆಸರು ಹಾಕಿಸಿ ಎಂದು ಕೇಳಿ, ಅಂದು ಹಸನಾಕ ಅಂದದ್ದನ್ನೂ ನಾನು ಅಂದದ್ದನ್ನೂ ಎದುರುಬದುರಾಗಿ ಬರೆದಿದ್ದೇನೆ. ಕೊನೆಯಲ್ಲಿ ಇಷ್ಟು: ತಮ್ಮ ತಂದೆ ಈಗಿಲ್ಲ. ಎರಡು ಮಾತನ್ನೂ ಕೇಳಿ ಅರ್ಥಮಾಡಿಕೊಂಡು ಇಂದಿಗೂ ಬದುಕಿರುವವರು, ನನ್ನನ್ನು ಬಿಟ್ಟರೆ, ಸಾಲ್ಮಿಯಾದಲ್ಲಿ ವಾಸವಿರುವ ಲವೀನಾ. ತಮ್ಮ ಮಾತನ್ನು ನಾನು ಅಂದೇ ಹೇಳಿದೆನೆಂದು ಇಂದಿಗೂ ನಂಬಿರುವವರು, ಉಳ್ಳಾಲದಲ್ಲಿ, ಹಸನಬ್ಬ.