ಎರಡನೇ ಸಲದ ಸೊನ್ನೆ

ಕಳೆದ ವಾರ ಓಖ್ಲಾದ ನಮ್ಮ ಆಫೀಸಿನಲ್ಲಿ ಹಳೆಯ ಕಂಪ್ಯೂಟರೊಂದರ ಮುಚ್ಚಳ ತೆಗೆದರು. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಇಂದಿರಾಪುರಂನಲ್ಲಿ ಪಕ್ಕದ ಫ್ಲ್ಯಾಟಿನಲ್ಲಿದ್ದ ಅಂಕಲ್ ನೆನಪಾದರು. ಎರಡು ಸಾವಿರದ ಐದೋ ಆರೋ ಇರಬೇಕು...

ಅವರು ಕೊಡಗಿನವರು, ಸೇನೆಯಿಂದ ನಿವೃತ್ತರಾದವರು. ಅವರ ವಯಸ್ಸಿನವರೆಲ್ಲ ಪಾರ್ಕಿನಲ್ಲಿ ಕೂತು ಸರ್ಕಾರವನ್ನು ಬಯ್ಯುತ್ತಿದ್ದರೆ ಇವರು ಮನೆಯಲ್ಲಿ ಕೂತು ದೊಡ್ಡದೊಂದು ಅವಿಭಾಜ್ಯ ಸಂಖ್ಯೆ ಹುಡುಕುತ್ತಿದ್ದರು. ಎರಡನ್ನು ಎರಡರಿಂದ ಕೋಟಿಗಟ್ಟಲೆ ಸಲ ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಅಚ್ಚು ಹಾಕಿಸಿದರೆ ಹತ್ತು ದಪ್ಪ ಪುಸ್ತಕವಾದೀತು. ಪರೀಕ್ಷೆ ಹೀಗೆ: ನಾಲ್ಕರಿಂದ ಶುರು ಮಾಡಿ, ವರ್ಗ ಮಾಡಿ, ಎರಡು ಕಳೆದು, ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಬೇಕು, ಕೋಟಿಗಟ್ಟಲೆ ಸಲ. ಕೊನೆಗೆ ಸೊನ್ನೆ ಉಳಿದರೆ ಅದು ಅವಿಭಾಜ್ಯ. ಬೇರೇನೇ ಉಳಿದರೂ ತಿಂಗಳುಗಳ ಕೆಲಸ ದಂಡ.

"ಸಿಕ್ಕಿದ್ರೆ ಏನ್ ಮಾಡ್ತೀರಿ ಅಂಕಲ್?" ಎಂದು ರೇಗಿಸುತ್ತಿದ್ದೆ.

"ಏನೂ ಇಲ್ಲ ಬೇಟಾ. ನಾನು ಹೋದ್ಮೇಲೂ ಅದು ಹಾಗೇ ಇರುತ್ತಲ್ಲ," ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅವರ ಮೂಳೆಗಳಿಗೆ ಕ್ಯಾನ್ಸರ್ ಹಬ್ಬಿತು. ಆಸ್ಪತ್ರೆಗೆ ಹೊರಡುವಾಗ ನನ್ನ ಕೈಗೆ ಮನೆಯ ಬೀಗದ ಕೈ ಕೊಟ್ಟು, ಇನ್ನು ಮೂರು ವಾರ ಕಂಪ್ಯೂಟರ್ ನಿಲ್ಲದಂತೆ ನೋಡಿಕೊಳ್ಳಲು ಹೇಳಿದರು. ನೋಡಿಕೊಂಡೆ. ಮೂರನೇ ವಾರ ಉತ್ತರ ಬಂತು. ಸೊನ್ನೆಯಲ್ಲ.

ಹಾಸಿಗೆಗೆ ಅಂಟಿಹೋಗಿದ್ದ ಅವರ ಮುಖ ನೋಡಿ ನನ್ನ ಬಾಯಿಂದ ಬಂದದ್ದು, "ಸೊನ್ನೆ ಬಂತು ಅಂಕಲ್." ಸಾಯುವವರಿಗೆ ಒಂದು ಸುಳ್ಳು ಹೇಳಿದರೆ ಏನಂತೆ ಅಂದುಕೊಂಡೆ...

ಅವರ ಶಿಸ್ತು ನನಗೆ ಮರೆತೇ ಹೋಗಿತ್ತು. ಸೊನ್ನೆ ಬಂದಾಗ ಒಂದು ಯಂತ್ರದ ಮಾತನ್ನು ಯಾರೂ ನಂಬುವುದಿಲ್ಲ. ಇನ್ನೊಂದರಲ್ಲಿ ಮೊದಲಿಂದ ಲೆಕ್ಕ ಮಾಡಿ, ಅಲ್ಲಿಯೂ ಸೊನ್ನೆ ಬಂದರಷ್ಟೇ ಸುದ್ದಿ. "ನಿನ್ನ ಆಫೀಸಿನ ಮೆಷಿನ್‌ನಲ್ಲಿ ಇನ್ನೊಂದು ಸಲ ಹಾಕು. ತಿಂಗಳು ಹಿಡಿಯುತ್ತೆ, ಹಿಡೀಲಿ," ಎಂದರು. ತಲೆಯಾಡಿಸಿದೆ. ಹಾಕಲಿಲ್ಲ. ಮುಖ ತೋರಿಸಲು ನಾಚಿಕೆಯಾಗಿ ವಾರವಿಡೀ ಆ ಕಡೆ ಹೋಗಲೂ ಇಲ್ಲ.

ಕೊನೆಗೆ ನಾನು ಹೋದ ದಿನ ಅವರ ಹೆಂಡತಿ ವಾರ್ಡಿನ ಹೊರಗೆ ಅಳುತ್ತಾ ನಿಂತಿದ್ದರು. "ನೋವಿನ ಇಂಜೆಕ್ಷನ್ ಬೇಡ ಅಂತಾರೆ. ಅದರಿಂದ ಮಂಪರು ಬರುತ್ತಂತೆ. ಏನೋ ಉತ್ತರ ಬರಬೇಕಂತೆ, ಅಲ್ಲೀವರೆಗೂ ಎಚ್ಚರ ಇರಬೇಕಂತೆ. ಒಂದು ವಾರದಿಂದ ಹೀಗೇ."

ಒಳಗೆ ಓಡಿದೆ. "ಎರಡನೇ ಸಲವೂ ಸೊನ್ನೆ ಅಂಕಲ್!"

ಹಲ್ಲು ಕಚ್ಚಿಕೊಂಡೇ ಒಂದು ಕ್ಷಣ ನನ್ನನ್ನು ನೋಡಿದರು. "ಇಷ್ಟು ಬೇಗ ಮುಗಿಯಲ್ಲ ಬೇಟಾ," ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನರ್ಸಿಗೆ ತೋಳು ಚಾಚಿದರು. ಮತ್ತೆ ಮಾತಾಡಲಿಲ್ಲ. ಎರಡು ದಿನಕ್ಕೆ ಹೋದರು.

ಆಂಟಿ ಈಗ ಮಡಿಕೇರಿಯಲ್ಲಿ ತಂಗಿಯ ಜೊತೆ ಇದ್ದಾರೆ. ಆಗಾಗ ಫೋನ್ ಮಾಡುತ್ತಾರೆ. "ನೀನು ಬಂದ ಮೇಲೇ ಅವರು ಇಂಜೆಕ್ಷನ್ ತಗೊಂಡ್ರು. ಕೊನೇಲಿ ಅವರಿಗೆ ಸಮಾಧಾನ ಕೊಟ್ಟವಳು ನೀನೇ," ಎನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.