ಹಿಮದ ಕ್ಲಚ್ಚು, ಸಖೀರಿನ ಮರಳು

ಬಹರೈನಿನಲ್ಲಿ ನನಗೆ ವಹಿಸಿದ ಮೊದಲ ಕೆಲಸ ಹಿಮದ ಗಾಡಿಯೊಂದರ ಧೂಳು ಒರೆಸುವುದು. ಆಗಸ್ಟ್ ತಿಂಗಳು. ಹೊರಗೆ ಬಾಗಿಲಿನ ಹಿಡಿಯನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಒಳಗೆ, ಏಸಿ ಹಾಕಿದ ಗಾಜಿನ ಶೋರೂಮಿನ ನಟ್ಟನಡುವೆ, ಚಕ್ರವೇ ಇಲ್ಲದ ಆ ಗಾಡಿ ಕುಳಿತಿತ್ತು. ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ. ಈ ದ್ವೀಪದಲ್ಲಿ ಹಿಮ ಬಿದ್ದದ್ದನ್ನು ಯಾರೂ ಕಂಡಿಲ್ಲ. ನಾನು ಹಿಮವನ್ನೂ ಕಂಡಿದ್ದೆ, ಈ ಗಾಡಿಯನ್ನೂ ಕಂಡಿದ್ದೆ. ಸೈನ್ಯದ ವರ್ಕ್‌ಶಾಪಿನಲ್ಲಿ, ಲಡಾಖಿನಲ್ಲಿ, ಇದೇ ಜಾತಿಯ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತ ನನ್ನ ಕೊನೆಯ ವರ್ಷಗಳು ಕಳೆದಿದ್ದವು. ಹೆಂಡತಿಯನ್ನು ಕರೆದೊಯ್ಯಲಾಗದ ಜಾಗ ಅದು. ಪೆನ್ಷನ್ ಪಡೆದು ಸಮುದ್ರ ದಾಟಿ ಬಂದರೆ ಅದೇ ಗಾಡಿ ಇಲ್ಲಿ ನನ್ನನ್ನು ಕಾದು ಕುಳಿತಿತ್ತು.

ಅದು ಮಾರಾಟಕ್ಕಲ್ಲ, ಅಲಂಕಾರಕ್ಕೆ. ನಮ್ಮ ಅರಬಾಬ್, ಎಂದರೆ ಯಜಮಾನರು, ಕೆನಡಾಕ್ಕೆ ಹೋದಾಗ ಮೆಚ್ಚಿ ತರಿಸಿದ್ದು. ಮಾರುತ್ತಿದ್ದದ್ದು ಮರಳಿನ ಮೇಲೆ ಓಡಿಸುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿಗಳನ್ನು. ಎರಡನ್ನೂ ತಯಾರಿಸುವ ಕಂಪನಿ ಒಂದೇ, ಎರಡರ ಹೊಟ್ಟೆಯಲ್ಲಿರುವ ಕ್ಲಚ್ಚೂ ಒಂದೇ. ತೊಂದರೆ ಇದ್ದದ್ದು ಅಲ್ಲಿಯೇ. ಚಳಿಗಾಲ ಬಂತೆಂದರೆ ಇಲ್ಲಿನ ಜನ ಮನೆ ಮಠ ಬಿಟ್ಟು ಸಖೀರಿನ ಮರಳುಗಾಡಿನಲ್ಲಿ ಡೇರೆ ಹೂಡುತ್ತಾರೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಅಲ್ಲೇ. ಡೇರೆಗೊಂದು ಗಾಡಿ. ಗಾಡಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಲ್ಟು ಸುಟ್ಟು ಹರಿದು ನಿಲ್ಲುತ್ತಿತ್ತು. ಡೇರೆಗಳಲ್ಲಿ ಅರಬಾಬರನ್ನು ಸ್ನೇಹಿತರು ಗೇಲಿ ಮಾಡುತ್ತಿದ್ದರಂತೆ. ಹಾಗಾಗಿ ನನ್ನ ಬಯೊಡೇಟಾದಲ್ಲಿ ಸ್ನೋ ಸ್ಕೂಟರ್ ಎಂಬ ಶಬ್ದ ಕಂಡದ್ದೇ ವೀಸಾ ಕಳಿಸಿದ್ದರು.

ಸೇರಿದ ದಿನ ಮುದೀರ್ ವಿಠಲ ಶೆಟ್ಟರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಮುದೀರ್ ಎಂದರೆ ಮ್ಯಾನೇಜರ್. ಮೂಲ್ಕಿ ಕಡೆಯವರು, ಬಹಳ ವರ್ಷದಿಂದ ಇಲ್ಲಿದ್ದವರು, ಬುಸೈತೀನ್‌ನಲ್ಲಿ ಸಂಸಾರ ಹೂಡಿದವರು. ಪಾಸ್‌ಪೋರ್ಟನ್ನು ನನ್ನ ಕೈಯಿಂದ ಪಡೆದು ಡ್ರಾಯರಿಗೆ ಹಾಕಿ ಬೀಗ ಹಾಕಿದರು. "ಅರಬಾಬ್ ಹೇಳಿದ್ದಾರೆ. ಬೆಲ್ಟಿನ ಕಂಪ್ಲೇಂಟ್ ಒಂದು ನಿಲ್ಲಿಸಿ ಸುಬೇದಾರ್ರೆ. ನಿಮ್ಮನ್ನು ಫೋರ್‌ಮನ್ ಮಾಡುವ. ಫೋರ್‌ಮನ್ ಆದ್ರೆ ಫ್ಯಾಮಿಲಿ ವೀಸಾ ಉಂಟು. ನನ್ನ ಒಂದು ಸಹಿ, ಅಷ್ಟೇ."

ಆ ಮಾತನ್ನು ಅದೇ ದಿನ ಹೆಂಡತಿ ಗಿರಿಜೆಗೆ ಬರೆದೆ. ನನ್ನ ಸರ್ವೀಸಿನುದ್ದಕ್ಕೂ ಅವಳು ನಮ್ಮೂರು ಕೋಟದಲ್ಲಿ, ನಾನು ಗಡಿಯಲ್ಲಿ. ನಿವೃತ್ತಿಯಾದ ಮೇಲೆ ಒಂದೇ ಸೂರಿನ ಕೆಳಗೆ ಇರುತ್ತೇವೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಹಣ ಸಾಲದೆ ಆ ಸೂರು ಅರ್ಧಕ್ಕೆ ನಿಂತದ್ದರಿಂದಲೇ ಇಲ್ಲಿಗೆ ಬರಬೇಕಾಯಿತು. ಜೊತೆಗಿರಲು ಕಟ್ಟುತ್ತಿದ್ದ ಮನೆಯೇ ನಮ್ಮನ್ನು ಮತ್ತೆ ಎರಡು ಕಡೆ ಮಾಡಿತು. ಅವಳ ಉತ್ತರ ಬಂತು: ಕುಂದಾಪುರಕ್ಕೆ ಹೋಗಿ ನೀಲಿ ಸೂಟ್‌ಕೇಸೊಂದನ್ನು ತಂದಿದ್ದಾಳೆ. ಸೈನ್ಯದ ಟ್ರಂಕಿನ ಮೇಲೆ ನಾನು ಹೆಸರು ಬರೆಯುತ್ತಿದ್ದ ಹಾಗೆ, ಬಿಳಿ ಪೇಂಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಹೆಸರು ಬರೆಸಿದ್ದಾಳೆ. ಕೆಳಗೆ ಬಹರೈನ್ ಎಂದು.

ನನಗೆ ಸಿಕ್ಕಿದ ವಸತಿ ಗುದೈಬಿಯಾದ ಹಳೆಯ ಕಟ್ಟಡವೊಂದರ ಕೋಣೆ. ಬ್ಯಾರಕ್ಕಿನಲ್ಲಿ ಬದುಕಿದವನಿಗೆ ಸಾಲು ಮಂಚ ಹೊಸದಲ್ಲ. ಆದರೆ ಬ್ಯಾರಕ್ಕಿಗೆ ಒಂದು ಶಿಸ್ತು ಇರುತ್ತದೆ. ಇಲ್ಲಿ ಒಬ್ಬ ಮಲಗುವಾಗ ಇನ್ನೊಬ್ಬ ಮೀನು ಹುರಿಯುತ್ತಾನೆ. ಐದಕ್ಕೆ ಎದ್ದು ಹಾಸಿಗೆ ಮಡಿಸಿ, ಗಡ್ಡ ತೆಗೆದು, ಬೂಟು ಪಾಲಿಶ್ ಮಾಡುವ ನನ್ನನ್ನು ಕಂಡರೆ ಎಲ್ಲರಿಗೂ ತಮಾಷೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಉಳ್ಳಾಲದ ಮೆಕ್ಯಾನಿಕ್ ಹಮೀದನ ಮಂಚವೂ ಅಲ್ಲೇ. "ಎಂತ ಸುಬೇದಾರ್ರೆ, ಗ್ರೀಸಿಗೆ ಸೆಲ್ಯೂಟ್ ಹೊಡೀಲಿಕ್ಕೆ ಬೂಟಿಗೆ ಪಾಲಿಶಾ?" ಎಂದು ಮುಸುಕಿನೊಳಗಿಂದಲೇ ಕೇಳುತ್ತಿದ್ದ. ಅಡಿಗೆ ಅವನದೇ. ಊರಲ್ಲಿ ಬಂಗುಡೆಗೆ ಹೊಂಚುತ್ತಿದ್ದವರಿಗೆ ಇಲ್ಲಿ ಸಾಫಿ ಎಂಬ ಸಣ್ಣ ಮೀನು. ಮುಳ್ಳು ಹೆಚ್ಚು, ರುಚಿ ಇದೆ. ಬೀದಿಯ ಇರಾನಿ ಬೇಕರಿಯ ಒಲೆಯಿಂದ ಬಿಸಿಬಿಸಿ ಖುಬೂಸು ರೊಟ್ಟಿ. ಕುಚ್ಚಲಕ್ಕಿ ಗಂಜಿಯ ಹೊಟ್ಟೆ ಅದನ್ನು ಒಪ್ಪಿಕೊಳ್ಳಲು ತಿಂಗಳುಗಳು ಬೇಕಾದವು.

ಭಾಷೆಯ ವಿಚಾರ ಸುಲಭ. ಗ್ಯಾರೇಜಿನಲ್ಲಿ ಹಿಂದಿ ಸಾಕು. ಅರಬ್ಬಿಯಲ್ಲಿ ಮೊದಲು ಕಲಿತದ್ದು ಎರಡು ಶಬ್ದ: ವೇನ್, ಮಾಫಿ. ವೇನ್ ಎಂದರೆ ಎಲ್ಲಿ, ಮಾಫಿ ಎಂದರೆ ಇಲ್ಲ. ಗಿರಾಕಿ ಬಂದು ಬೆಲ್ಟು ವೇನ್ ಎನ್ನುತ್ತಾನೆ, ಸ್ಟಾಕ್ ಮುಗಿದಿದ್ದರೆ ನಾವು ಮಾಫಿ ಎನ್ನುತ್ತೇವೆ. ಇಷ್ಟರಲ್ಲೇ ಒಂದು ಬದುಕು ನಡೆದುಹೋಗುತ್ತದೆ.

ಈ ಕ್ಲಚ್ಚಿನ ವಿಷಯವನ್ನು ಸ್ವಲ್ಪ ಹೇಳಬೇಕು. ಅದರಲ್ಲಿ ಎರಡು ಪುಲ್ಲಿಗಳು. ಒಂದೊಂದೂ ಎದುರುಬದುರಾಗಿ ನಿಲ್ಲಿಸಿದ ಎರಡು ತಟ್ಟೆಗಳ ಹಾಗೆ. ನಡುವಿನ ಸಂದಿಯಲ್ಲಿ ರಬ್ಬರಿನ ಬೆಲ್ಟು. ಇಂಜಿನ್ನಿನ ಕಡೆಯ ಪುಲ್ಲಿಯೊಳಗೆ ಸಣ್ಣ ಉಕ್ಕಿನ ತೂಕಗಳಿವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಒತ್ತುತ್ತವೆ, ಬೆಲ್ಟು ಅಂಚಿಗೆ ಏರುತ್ತದೆ. ಹಿಂದಿನ ಪುಲ್ಲಿಯ ಸ್ಪ್ರಿಂಗು ಬೆಲ್ಟನ್ನು ಅವುಚಿ ಹಿಡಿದಿರುತ್ತದೆ. ಹಿಮದ ಮೇಲೆ ಗಾಡಿ ಜಾರುತ್ತದೆ, ತಣ್ಣನೆಯ ಗಾಳಿಯಲ್ಲಿ ಇಂಜಿನ್ನಿಗೆ ಕಸುವು ಹೆಚ್ಚು. ಕಂಪನಿಯವರು ತೂಕ, ಸ್ಪ್ರಿಂಗು ಎಲ್ಲವನ್ನೂ ಆ ಲೆಕ್ಕಕ್ಕೆ ಹಾಕಿದ್ದರು. ಮರಳು ಚಕ್ರವನ್ನು ಹಿಡಿದು ಕೆಳಗೆ ಜಗ್ಗುತ್ತದೆ, ಬಿಸಿಗಾಳಿಗೆ ಇಂಜಿನ್ನು ಏದುಸಿರು ಬಿಡುತ್ತದೆ. ಇಂಜಿನ್ನು ಸೋಲುತ್ತಿರುವಾಗಲೇ ಆ ಭಾರದ ತೂಕಗಳು ಬೆಲ್ಟನ್ನು ಮೇಲಕ್ಕೆ ತಳ್ಳುತ್ತಿದ್ದವು. ಬೆಲ್ಟು ಜಾರಿ ಜಾರಿ ಬಿಸಿಯಾಗಿ ಗಾಜಿನಂತೆ ನುಣ್ಣಗಾಗಿ ಕೊನೆಗೆ ಹರಿಯುತ್ತಿತ್ತು.

ಇದು ನನ್ನ ಊಹೆ. ಊಹೆಗೆ ಸಾಕ್ಷಿ ಬೇಕಲ್ಲ. ಪುಲ್ಲಿಯ ತಟ್ಟೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಹಮೀದನನ್ನು ಮೆತ್ತನೆಯ ಮರಳಿನಲ್ಲಿ ಮೆಲ್ಲಗೆ ಓಡಿಸಲು ಹೇಳಿದೆ. ವಾಪಸು ಬಂದು ಮುಚ್ಚಳ ತೆಗೆದಾಗ ಬೆಲ್ಟು ಉಜ್ಜಿ ಗೆರೆಯನ್ನು ಅಂಚಿನ ಹತ್ತಿರದವರೆಗೆ ಅಳಿಸಿತ್ತು. ತೆವಳುವ ಗಾಡಿಯಲ್ಲಿ ಬೆಲ್ಟು ಅಲ್ಲಿಯವರೆಗೆ ಏರಬಾರದು. ಅನುಮಾನ ಉಳಿಯಲಿಲ್ಲ. ಪುಲ್ಲಿಗಳನ್ನು ಉಕ್ಕಿನ ಪಟ್ಟಿ ಹಿಡಿದು ಒಂದೇ ನೇರಕ್ಕೆ ತಂದೆ. ಹಿಂದೆ ಇನ್ನೂ ಬಿಗಿಯಾದ ಸ್ಪ್ರಿಂಗು ಹಾಕಿದೆ. ತೂಕಗಳಿಗೆ ತೂತು ಕೊರೆದು ಹಗುರ ಮಾಡಿದೆ. ಆದರೆ ಎಲ್ಲ ತೂಕಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರಬೇಕು, ಇಲ್ಲದಿದ್ದರೆ ಕ್ಲಚ್ಚು ಅದುರುತ್ತದೆ. ಗ್ಯಾರೇಜಿನಲ್ಲಿ ಅಂಥ ತಕ್ಕಡಿ ಎಲ್ಲಿಯದು? ಮನಾಮಾದ ಚಿನ್ನದ ಪೇಟೆಯಲ್ಲಿ ಉಡುಪಿ ಕಡೆಯ ಆಚಾರಿಯೊಬ್ಬರು ಕೆಲಸ ಮಾಡುತ್ತಿದ್ದರು. ಅವರ ಬಳಿ ಹೋದೆ.

ಕರವಸ್ತ್ರ ಬಿಚ್ಚಿ ಉಕ್ಕಿನ ತುಂಡುಗಳನ್ನು ಇಟ್ಟದ್ದು ನೋಡಿ ಅವರು ಕನ್ನಡಕ ಏರಿಸಿದರು. "ಇದು ಯಾವ ಒಡವೆ ಮಾರಾಯ್ರೆ?"

"ಹೆಂಡತಿಗೆ ಮಾಡಿಸುವುದು ಆಚಾರ್ರೆ."

"ಇದನ್ನು ಹಾಕಿಕೊಂಡ್ರೆ ಅವರು ನಿಮ್ಮನ್ನು ಬಿಡುವುದಿಲ್ಲ," ಎಂದು ನಕ್ಕು ಚಿನ್ನದ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದರು. ನಾನು ಅಲ್ಲೇ ಕುಳಿತು ಅರ ಹಾಕಿ ಸರಿ ಮಾಡಿದೆ. ನಾನು ತಮಾಷೆಗೆ ಆಡಿದ ಮಾತಾದರೂ ಅದು ನಿಜವೇ ಆಗಿತ್ತು.

ಚಳಿಗಾಲ ಬಂತು, ಸಖೀರಿನಲ್ಲಿ ಡೇರೆಗಳು ಎದ್ದು ನಿಂತವು. ನಾನು ಸರಿಮಾಡಿದ ಮೊದಲ ಗಾಡಿ ಹೋಯಿತು, ವಾಪಸು ಬರಲಿಲ್ಲ. ಎರಡನೆಯದೂ ಬರಲಿಲ್ಲ. ಹಮೀದ್ ಡೇರೆಗಳಿಗೆ ಹೋಗಿ ವಿಚಾರಿಸಿ ಬಂದ. "ಓಡ್ತಾ ಉಂಟು ಸುಬೇದಾರ್ರೆ, ಒಂಟೆ ಸಹ ಹೆದರಿ ಓಡ್ತಾ ಉಂಟು." ಅವತ್ತು ಫೋನಿನಲ್ಲಿ ಗಿರಿಜೆಗೆ ಉಪ್ಪಿನಕಾಯಿ ಎಷ್ಟು ತರಬಹುದು ಎಂದೂ ಹೇಳಿಬಿಟ್ಟೆ.

ಡೇರೆಗಳ ಕಾಲ ಅರ್ಧ ಕಳೆದಾಗ ಶೆಟ್ಟರು ನನ್ನ ಬೆಂಚಿನ ಬಳಿಗೇ ಬಂದರು. ಎಂದೂ ಬಂದವರಲ್ಲ. ಕೈಯಲ್ಲಿ ಎರಡು ಲೋಟ ಚಹಾ. ಸ್ಪೇರ್ ಪಾರ್ಟ್ ಕೌಂಟರಿನಲ್ಲಿ ಅವರಿಗೂ ಪಾಲಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

"ನೀವು ಮುಟ್ಟಿದ ಗಾಡಿ ಮತ್ತೆ ಬರುವುದೇ ಇಲ್ಲ ಅಲ್ವಾ?"

"ಬರಬಾರದು ಅಂತಲೇ ಸರಿಮಾಡಿದ್ದು."

"ಹಾಗಲ್ಲ ಮಾರಾಯ್ರೆ. ಗಾಡಿ ಮಾರಿ ಯಾರ ಹೊಟ್ಟೆ ತುಂಬ್ತದೆ? ಬೆಲ್ಟು ಹೋಗ್ಬೇಕು, ಗಿರಾಕಿ ಬರ್ಬೇಕು. ಮಳೆಗಾಲದ ಕೊಡೆ ರಿಪೇರಿ ಹಾಗೆ ಇದು. ಅರಬಾಬ್‌ಗೆ ಎರಡು ಗಾಡಿ ತೋರಿಸಿ ಆಯ್ತು, ಅವರು ಖುಷಿ. ಇನ್ನು ಕಂಪನಿಯ ಪುಸ್ತಕದಲ್ಲಿ ಎಂತ ಉಂಟೋ ಹಾಗೆಯೇ ಫಿಟ್ ಮಾಡಿ ಬಿಡಿ. ನೀವು ಮಿಲಿಟರಿಯವ್ರು, ಪುಸ್ತಕ ಬಿಟ್ಟು ಹೋಗುವವ್ರಲ್ಲ."

"ಆ ಪುಸ್ತಕ ಹಿಮಕ್ಕೆ ಬರೆದದ್ದು ಶೆಟ್ರೆ."

"ಬರೆದವ್ರು ಬರೆದಿದ್ದಾರಲ್ಲ. ನಿಮ್ಮನ್ನು ಯಾರು ಕೇಳ್ತಾರೆ?" ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಅತ್ತಿಗೆಯವರ ವೀಸಾ ಪೇಪರ್ ನನ್ನ ಮೇಜಿನ ಮೇಲೆ ಉಂಟು. ಈ ಸೀಸನ್ ಚೆಂದ ಹೋಗ್ಲಿ. ಸಹಿ ಹಾಕುವ."

ಪುಸ್ತಕದಲ್ಲಿದ್ದಂತೆ ನಡೆದುಕೊಂಡೇ ನನ್ನ ಆಯುಷ್ಯ ಕಳೆದಿದೆ. ಪುಸ್ತಕವನ್ನೇ ಮುಂದಿಟ್ಟು ನನ್ನಿಂದ ಕೆಟ್ಟ ಕೆಲಸ ಮಾಡಿಸಲು ಹೊರಟವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಶೆಟ್ಟರಿಗೆ ತಿಳಿಯದ್ದು ಒಂದಿತ್ತು. ಲಡಾಖಿನಲ್ಲಿ ಬೆಲ್ಟು ಹರಿದ ಗಾಡಿಯ ಪಕ್ಕದಲ್ಲಿ ಕಾದು ಕುಳಿತ ಜವಾನನೊಬ್ಬನನ್ನು ಹೊತ್ತು ತಂದಾಗ ಅವನ ಬೆರಳುಗಳು ಕಲ್ಲಿದ್ದಲಿನ ಬಣ್ಣಕ್ಕೆ ತಿರುಗಿದ್ದವು. ಸಖೀರಿನಲ್ಲಿ ಬೆರಳು ಹೋಗುವುದಿಲ್ಲ, ಗೊತ್ತು. ಇಲ್ಲಿ ಹೋಗುವುದು ಒಂದು ಸಂಜೆಯ ಮೋಜು. ಆದರೆ ಹರಿಯುತ್ತದೆಂದು ಗೊತ್ತಿದ್ದೂ ಬೆಲ್ಟು ಹಾಕಿ ಮುಚ್ಚಳ ಬಿಗಿಯಲು ಈ ಕೈಗಳಿಗೆ ಬರುವುದಿಲ್ಲ. ಮರುದಿನವೂ ತೂಕಗಳಿಗೆ ತೂತು ಕೊರೆದೆ. ಅದರ ಮರುದಿನವೂ ಕೊರೆದೆ.

"ಸ್ವಲ್ಪ ಬಗ್ಗಿ ಸುಬೇದಾರ್ರೆ," ಎಂದ ಹಮೀದ್. ಅವನ ಹೆಂಡತಿಯೂ ಊರಲ್ಲೇ. "ಅಕ್ಕ ಬಂದ ಮೇಲೆ ಮತ್ತೆ ನೆಟ್ಟಗೆ ನಿಲ್ಲಿ. ಯಾರು ನೋಡ್ತಾರೆ?"

ಒಮ್ಮೆ ಅರಬಾಬರೇ ಗ್ಯಾರೇಜಿಗೆ ಬಂದರು. ನನ್ನ ಭುಜ ತಟ್ಟಿ ಜೈನ್, ಜೈನ್ ಎಂದರು. ಚೆನ್ನಾಗಿದೆ ಎಂದು ಅರ್ಥ. ನಾನು ಅಟೆನ್ಷನ್‌ನಲ್ಲಿ ನಿಂತು ಹಿಂದಿಯಲ್ಲಿ ಹೆಂಡತಿಯ ವೀಸಾದ ವಿಷಯ ಹೇಳಿದೆ. ಅವರು ಪ್ರೀತಿಯಿಂದಲೇ ಕೇಳಿಸಿಕೊಂಡರು. "ಇನ್‌ಶಾ ಅಲ್ಲಾ. ಮುದೀರ್ ಸೆ ಬಾತ್ ಕರೋ," ಎಂದು ಕಾರು ಹತ್ತಿದರು. ಅವರ ಹಿಂದೆಯೇ ನಿಂತಿದ್ದ ಮುದೀರರು ನನ್ನನ್ನು ನೋಡಿ ಮುಗುಳ್ನಕ್ಕರು. ಸೈನ್ಯದಲ್ಲಿ ಅನ್ಯಾಯವಾದರೆ ಕೇಳಲು ಮೇಲೊಬ್ಬ ಅಧಿಕಾರಿ ಇರುತ್ತಾನೆ. ಇಲ್ಲಿ ಎಷ್ಟು ಮೇಲೆ ಹೋದರೂ ದಾರಿ ಅದೇ ಡ್ರಾಯರಿಗೆ ಬಂದು ಮುಟ್ಟುತ್ತದೆ.

ಚಳಿಗಾಲ ಮುಗಿದು ಡೇರೆಗಳನ್ನು ಕಿತ್ತ ಶುಕ್ರವಾರ ಬೂತಿನಿಂದ ಊರಿಗೆ ಫೋನು ಮಾಡಿದೆ. ಗಿರಿಜೆ ಪಕ್ಕದ ಮನೆಯ ಫೋನಿನ ಬಳಿ ಕಾದಿದ್ದಳು.

"ಹ್ವಾಯ್, ಆ ಬೆಲ್ಟಿನ್ ಕಥಿ ಎಂತಾಯ್ತ್?"

"ಈಗ ತುಂಡಾತಿಲ್ಲೆ."

"ಒಂದೂ ಇಲ್ಯಾ?"

"ಒಂದೂ ಇಲ್ಲೆ."

ಶೆಟ್ಟರ ಮಾತನ್ನೆಲ್ಲ ಅವಳಿಗೆ ಮೊದಲೇ ಬರೆದಿದ್ದೆ. "ಹಂಗಾರೆ ಸೂಟ್‌ಕೇಸ್ ಅಟ್ಟಕ್ಕ್ ಹಾಕ್ತೆ," ಎಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬಹರೈನಿನ ಬೇಸಿಗೆಯಲ್ಲಿ ರಜೆ ಸಿಕ್ಕಿತು, ಡ್ರಾಯರಿನಿಂದ ಪಾಸ್‌ಪೋರ್ಟೂ ಹೊರಬಂತು. ಕೋಟದಲ್ಲಿ ಮಳೆ, ಇಲ್ಲಿ ನೀರನ್ನೂ ಬಾಟಲಿಯಲ್ಲಿ ಕೊಳ್ಳುವ ನನಗೆ ಅದು ದುಂದುವೆಚ್ಚದಂತೆ ಕಂಡಿತು. ಐದಕ್ಕೆ ಎದ್ದು ಹಾಸಿಗೆ ಮಡಿಸಿದರೆ ಅವಳು ಅಷ್ಟರಲ್ಲಿ ಎದ್ದು ತನ್ನ ಅರ್ಧ ಕೆಲಸ ಮುಗಿಸಿರುತ್ತಿದ್ದಳು. ಅವಳ ದಿನಚರಿಯಲ್ಲಿ ನನಗೆಂದು ಒಂದು ಗಂಟೆಯೂ ಖಾಲಿ ಇರಲಿಲ್ಲ. ಎಷ್ಟೋ ವರ್ಷ ನಾನಿಲ್ಲದೆ ನಡೆಸಿದ ಮನೆ, ತಪ್ಪು ಅವಳದಲ್ಲ. ಎದುರು ಸಿಕ್ಕವರೆಲ್ಲ "ಯಾವಾಗ ಹೋಪುದ್?" ಎಂದೇ ಕೇಳಿದರು. ಗುದೈಬಿಯಾದಲ್ಲೂ ನನ್ನನ್ನು ಅದನ್ನೇ ಕೇಳುತ್ತಾರೆ.

ಹೊರಡುವಾಗ ನನ್ನ ಹಳೆಯ ಚೀಲದ ಜಿಪ್ಪು ಕಿತ್ತುಹೋಯಿತು. ಗಿರಿಜೆ ಏಣಿ ಹಾಕಿ ಅಟ್ಟದಿಂದ ನೀಲಿ ಸೂಟ್‌ಕೇಸನ್ನು ಇಳಿಸಿದಳು. ಧೂಳು ಒರೆಸಿ ನನ್ನ ಬಟ್ಟೆಗಳನ್ನು ಮಡಿಸಿಟ್ಟಳು. ನಾನು ಬೇಡವೆಂದೆ. "ಇದಾರೂ ಕಾಣ್ಲಿ ನಿಮ್ಮ ಬಹರೈನ್ನ," ಎಂದು ಬೀಗ ಒತ್ತಿದಳು.

ಬಹರೈನಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಯುವಕ ಸೂಟ್‌ಕೇಸನ್ನು ತನ್ನ ಕಡೆ ತಿರುಗಿಸಿಕೊಂಡ. ಬಿಳಿ ಪೇಂಟಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ನನ್ನ ಪಾಸ್‌ಪೋರ್ಟು ನೋಡಿದ, ನನ್ನ ಮುಖ ನೋಡಿದ, ನನ್ನ ಹಿಂದೆ ಸಾಲಿನಲ್ಲಿ ಯಾರಾದರೂ ಹೆಂಗಸು ಇದ್ದಾರೆಯೇ ಎಂದು ಕತ್ತು ಚಾಚಿದ.

"ವೇನ್ ಗಿರಿಜಾ?" ಎಂದ.

"ಮಾಫಿ," ಎಂದೆ.

ಅವನು ಸೂಟ್‌ಕೇಸಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನನ್ನನ್ನು ಒಳಗೆ ಬಿಟ್ಟ.